ಸ್ಪೇರ್ ಪಾರ್ಟ್ಸ್ ಅಂಗಡಿಯ ಮೇಲಿನ ಮೌನವ್ರತ

ನಾನು ಬಾಯಿಬಡುಕ. ನಮ್ಮಮ್ಮನ ಪ್ರಕಾರ ಹುಟ್ಟಿದಾಗ ನಾನು ಶುರು ಮಾಡಿದ ಅಳು ಇನ್ನೂ ಮುಗಿದಿಲ್ಲ, ಮಾತಿನ ರೂಪದಲ್ಲಿ ನಡೆದೇ ಇದೆ. ಶಾಲೆಯ ಮೇಷ್ಟ್ರು, ಕಾರ್ಖಾನೆಯ ಅಪ್ರೆಂಟಿಸ್ ಶೆಡ್ಡಿನ ಫೋರ್‌ಮನ್, ಆಮೇಲಿನ ದಿನಗಳಲ್ಲಿ ಪರಿಚಯವಾದ ಪೊಲೀಸ್ ಪೇದೆಗಳು, ಎಲ್ಲರೂ ನನಗೆ ಕೊಟ್ಟ ಉಪದೇಶ ಒಂದೇ: ಸ್ವಲ್ಪ ಬಾಯಿ ಮುಚ್ಚಪ್ಪಾ. ಅಂಥವನಿಗೆ ಕೊನೆಗೆ ಸಿಕ್ಕ ಕೆಲಸ ನೋಡಿ. ಬಾಯಿ ತೆರೆಯಲಾಗದ ಹತ್ತು ಹನ್ನೆರಡು ಜನರ ಮುಂದೆ ಕುಳಿತು ದಿನಾ ಬೆಳಿಗ್ಗೆ ಮಾತಾಡಬೇಕು. ಅದಕ್ಕೆ ಸಂಬಳವನ್ನೂ ಕೊಡುತ್ತಾರೆ.

ನಮ್ಮ ಸೆಂಟರ್ ಇರುವುದು ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದೆ, ಹಳೇ ಗಾಡಿಗಳ ಸ್ಪೇರ್ ಪಾರ್ಟ್ಸ್ ಮಾರುವ ಅಂಗಡಿಯ ಮಹಡಿಯ ಮೇಲೆ. ಬೋರ್ಡು ಇಲ್ಲ. ಬೋರ್ಡು ಹಾಕಿದರೆ ಬರುವವರ ಮರ್ಯಾದೆ ಬೀದಿಗೆ ಬೀಳುತ್ತದೆ. ಬರುವವರೆಲ್ಲ ನನ್ನ ಬಳಗವೇ: ನರಕ್ಕೆ ಮತ್ತಿನ ಮದ್ದು ಚುಚ್ಚಿಕೊಂಡು ಕೆಟ್ಟವರು, ಬಿಟ್ಟವರು, ಬಿಟ್ಟು ಮತ್ತೆ ಹಿಡಿದವರು, ಹಿಡಿದು ಮತ್ತೆ ಬಿಟ್ಟವರು. ಒಂದೇ ಸೂಜಿಯನ್ನು ಹಂಚಿಕೊಂಡ ಸ್ನೇಹದ ಗುರುತಿಗೆ ನಮ್ಮಲ್ಲಿ ಬಹಳ ಜನಕ್ಕೆ ಎಚ್‌ಐವಿಯೂ ಬಂದಿದೆ. ನನಗೂ ಬಂದಿದೆ. ಬಂದು ಎಷ್ಟೋ ವರ್ಷವಾಯಿತು. ದಿನಾ ಮಾತ್ರೆ ನುಂಗುತ್ತೇನೆ, ಅದು ಒಳಗೆ ಮಲಗಿರುತ್ತದೆ, ನಾನು ಹೊರಗೆ ಒದರುತ್ತಿರುತ್ತೇನೆ.

ಇದು ಕೆ.ಆರ್. ಪುರದ ಆಚೆ ಇರುವ ನಮ್ಮ ಕಾರ್ಖಾನೆ ಕಾಲೊನಿಗೆ ಗೊತ್ತಿಲ್ಲ. ಮಗ ಯಾಕೆ ಪದೇಪದೇ ಆಸ್ಪತ್ರೆಗೆ ಹೋಗುತ್ತಾನೆ ಎಂದು ಪಕ್ಕದ ಮನೆಯಾಕೆ ಕೇಳಿದಾಗ ಅಮ್ಮ ಥಟ್ಟನೆ ಶುಗರ್ ಎಂದುಬಿಟ್ಟಳು. ಅಂದಿನಿಂದ ಆ ಕಾಲೊನಿಯಲ್ಲಿ ನನಗೆ ಸಿಹಿ ನಿಷಿದ್ಧ. ಹಬ್ಬದೂಟಕ್ಕೆ ಕರೆದರೆ ಎಲ್ಲರ ಎಲೆಗೂ ಹೋಳಿಗೆ, ನನ್ನ ಎಲೆಗೆ ಮಾತ್ರ ಎರಡನೇ ಸಲ ಕೋಸಂಬರಿ. ಹೋಳಿಗೆಯ ತಟ್ಟೆ ನನ್ನ ಮೂಗಿನ ಕೆಳಗೇ ಹಾದುಹೋಗುವಾಗ ಬಡಿಸುವವರ ಕಣ್ಣಲ್ಲಿ ಎಂಥ ಕನಿಕರ ಅಂತೀರಿ. ಸುಳ್ಳು ಹೇಳಿದವರು ಮರೆತರೂ ಕೇಳಿದವರು ಅದನ್ನು ಶ್ರದ್ಧೆಯಿಂದ ಪಾಲಿಸುತ್ತಾರೆ. ವೈರಸ್ಸಿಗಿಂತ ಆ ಕೋಸಂಬರಿ ನನ್ನನ್ನು ಹೆಚ್ಚು ಗೋಳು ಹೊಯ್ದುಕೊಂಡಿದೆ.

ಇರಲಿ, ಕೆಲಸದ ವಿಷಯಕ್ಕೆ ಬರುತ್ತೇನೆ. ಸೂಜಿ ಬಿಡಿಸಲು ಅದರ ಬದಲಿಗೆ ಒಂದು ಮಾತ್ರೆ ಕೊಡುತ್ತಾರೆ. ನಮ್ಮ ನರ್ಸಮ್ಮ ಅದನ್ನು ಪುಡಿ ಮಾಡಿ ಒಬ್ಬೊಬ್ಬರ ನಾಲಿಗೆಯ ಅಡಿಗೆ ಸುರಿಯುತ್ತಾರೆ. ಅದು ಅಲ್ಲೇ ಕರಗಬೇಕು, ನುಂಗಿದರೆ ದಂಡ. ಆದ್ದರಿಂದ ಹತ್ತು ನಿಮಿಷ ಎಲ್ಲರೂ ಗೋಡೆಗೆ ಒರಗಿಸಿದ ಉದ್ದ ಬೆಂಚಿನ ಮೇಲೆ ಸಾಲಾಗಿ ಕೂರಬೇಕು. ಮಾತಾಡುವಂತಿಲ್ಲ, ನಗುವಂತಿಲ್ಲ, ಉಗುಳು ನುಂಗುವಂತಿಲ್ಲ. ಬಾಯಿಬಿಟ್ಟು ಚೆಲ್ಲಿಕೊಂಡರೆ ಆ ದಿನದ ಡೋಸು ಹೋದ ಹಾಗೆಯೇ, ಇನ್ನೊಂದು ಕೊಡುವುದಿಲ್ಲ. ಸಂಜೆಯ ಹೊತ್ತಿಗೆ ಮೂಗು ಸುರಿದು, ಆಕಳಿಕೆ ಬಂದು, ಮೂಳೆ ಮೂಳೆ ನೋಯುತ್ತದೆ. ಕೊನೆಯಲ್ಲಿ ನರ್ಸಮ್ಮ ಟಾರ್ಚು ಹಿಡಿದು ಬಂದು ನಾಲಿಗೆ ಎತ್ತಿಸಿ ನೋಡುತ್ತಾರೆ. ಅವರು ಕೋಲಾರದ ಕಡೆಯವರು. ಯಾರ ಮೇಲೂ ಕೋಪವಿಲ್ಲ, ಯಾರ ಮೇಲೂ ನಂಬಿಕೆಯಿಲ್ಲ.

ನನ್ನ ಹುದ್ದೆಗೆ ಪೀರ್ ಸಪೋರ್ಟರ್ ಎಂದು ಹೆಸರು. ಅಂದರೆ ಈ ಗುಂಡಿಗೆ ನಾನೂ ಬಿದ್ದವನೇ, ಎದ್ದು ಬಂದು ಅಂಚಿನಲ್ಲಿ ನಿಂತು ಕೈ ಕೊಡುವವನು. ನನ್ನ ಡೋಸನ್ನು ನಾನು ಎಲ್ಲರಿಗಿಂತ ಮೊದಲು ತೆಗೆದುಕೊಂಡು, ಅವರು ಸಾಲಾಗಿ ಕುಳಿತ ಮೇಲೆ ಎದುರಿಗೆ ಸ್ಟೂಲು ಹಾಕಿಕೊಂಡು ಶುರು ಮಾಡುತ್ತೇನೆ. ಎಚ್‌ಐವಿ ಮಾತ್ರೆ ಬಿಟ್ಟರೆ ಏನಾಗುತ್ತದೆ, ಹೊಸ ಸೂಜಿ ಎಲ್ಲಿ ಸಿಗುತ್ತದೆ, ಹೆಂಡತಿಯ ಹತ್ತಿರ ಹೇಗೆ ಮಾತಾಡಬೇಕು, ಮಲಬದ್ಧತೆಗೆ ಪಪ್ಪಾಯಿ ಎಷ್ಟು ತಿನ್ನಬೇಕು. ನಮ್ಮ ಮಾತ್ರೆಗೆ ಮಲಬದ್ಧತೆ ಕಟ್ಟಿಟ್ಟದ್ದು, ಹೀಗಾಗಿ ಆ ವಿಷಯದಲ್ಲಿ ನಾನು ಮೂರು ಭಾಷೆಯಲ್ಲಿ ನಿರರ್ಗಳ. ಬೆಂಚಿನ ತುದಿಯಲ್ಲಿ ಕೂರುವ ಹಲಸೂರಿನ ಮುದುಕ, ಒಂದು ಕಾಲದಲ್ಲಿ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದವನು, ತಮಿಳು ದಖನಿ ಕನ್ನಡ ಮೂರನ್ನೂ ಕಲಸಿ ಬೈಯಬಲ್ಲವನು, ಆ ಹತ್ತು ನಿಮಿಷ ಹುಬ್ಬಿನಲ್ಲೇ ನನ್ನನ್ನು ಬೈಯುತ್ತಿದ್ದ. ನನ್ನ ಮಾತನ್ನು ಎದ್ದುಹೋಗದೆ ಕೇಳಿದ ಸಭೆ ಭೂಮಿಯ ಮೇಲೆ ಅದೊಂದೇ.

ಆ ಬೆಂಚಿಗೆ ಒಂದು ಯುಗಾದಿಯ ಆಸುಪಾಸು ಒಬ್ಬ ಪೇಂಟರ್ ಬಂದ. ರಾಯಚೂರು ಕಡೆಯವನು. ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಹೊರಗೋಡೆಗೆ ಹಗ್ಗದಲ್ಲಿ ಜೋತಾಡುತ್ತ ಬಣ್ಣ ಹೊಡೆಯುವ ಕೆಲಸ. ಎತ್ತರದ ಭಯಕ್ಕೊಂದು, ಹೆಗಲ ನೋವಿಗೊಂದು ಅಂತ ಜೊತೆಯವರು ಚುಚ್ಚಿಸಿದ್ದು, ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಇವನೇ ಕೈ ಬಿಡಲಾರದಂತಾಗಿದ್ದು. ನಮ್ಮಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಎಚ್‌ಐವಿ ಇತ್ತು. ಅವನನ್ನು ನನ್ನ ಕೊರಳಿಗೆ ಕಟ್ಟಿದರು. ಮಾತ್ರೆ ನುಂಗಿದನೋ ಇಲ್ಲವೋ, ಆಸ್ಪತ್ರೆಗೆ ಹೋದನೋ ಇಲ್ಲವೋ, ಅತ್ತನೋ ಇಲ್ಲವೋ, ಎಲ್ಲ ನನ್ನ ಜವಾಬ್ದಾರಿ. ಒಳ್ಳೆಯ ಹುಡುಗ. ಒಂದು ದಿನ ತಪ್ಪಿಸಲಿಲ್ಲ. ತಪ್ಪಿಸುವುದು ನನ್ನ ಕಾಲದ ಫ್ಯಾಶನ್ನು, ಈಗಿನವರಿಗೆ ಬದುಕುವ ಆಸೆ ಜಾಸ್ತಿ.

ಅವನಿಗೆ ಊರಲ್ಲಿ ಹೆಂಡತಿ ಇದ್ದಳು, ಅವನ ತಾಯಿಯ ಜೊತೆ. ಅತ್ತೆ ಡೇರಿಗೆ ಹಾಲು ಹಾಕಲು ಹೋದ ಹೊತ್ತು ನೋಡಿ ಅವಳು ಫೋನ್ ಮಾಡುತ್ತಿದ್ದಳು. ಆ ಹೊತ್ತು ಸರಿಯಾಗಿ ನಮ್ಮ ಬೆಂಚಿನ ಹೊತ್ತು. ಜೇಬಿನಲ್ಲಿ ಫೋನು ನಡುಗುತ್ತಿತ್ತು, ಇವನು ಗೂಬೆಯ ಹಾಗೆ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದ. ದಿನಾ ಬೆಳಿಗ್ಗೆ ಫೋನೆತ್ತದ ಗಂಡನ ಬಗ್ಗೆ ಯಾವ ಹೆಂಡತಿಗೆ ಅನುಮಾನ ಬರುವುದಿಲ್ಲ? ಯಾವಳ ಪಕ್ಕ ಮಲಗಿರ್ತಿ ಎಂದು ಕೇಳಿದಳಂತೆ. ಸೂಜಿಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು, ಅತ್ತು ಬೈದು ಹೊಡೆದು ಕ್ಷಮಿಸಿಯೂ ಆಗಿತ್ತು. ಸೂಜಿ ಬಿಡಿಸುವ ಔಷಧಿ ತಗೊಳ್ತಿದೀನಿ ಎಂದು ನಿಜ ಹೇಳಿದ್ದರೆ ಸಾಕಿತ್ತು. ಆದರೆ ಆ ದಾರಿ ಹಿಡಿದರೆ ಯಾವ ಆಸ್ಪತ್ರೆ, ಬೇರೆ ಯಾವ ಮಾತ್ರೆ ಎಂಬಲ್ಲಿಗೆ ಹೋಗಿ ಮುಟ್ಟುತ್ತದೆಂದು ಹೆದರಿ, ಮಹರಾಯ ಹೇಳಿದ್ದೇನು ಗೊತ್ತೆ? ನಾನು ಮೌನವ್ರತ ಹಿಡಿದಿದ್ದೇನೆ ಎಂದು.

ಬರೀ ಅಷ್ಟೇ ಹೇಳಿ ಸುಮ್ಮನಿದ್ದರೂ ಆಗುತ್ತಿತ್ತು. ಶಿವಾಜಿನಗರದಲ್ಲಿ ಒಂದು ಮಠ ಇದೆ, ಮಹಡಿಯ ಮೇಲೆ ಇದೆ, ದಿನಾ ಬೆಳಿಗ್ಗೆ ಮೌನ, ಅಲ್ಲಿ ಒಬ್ಬ ಗುರು ಪ್ರವಚನ ಹೇಳುತ್ತಾರೆ, ಅವರ ಮಾತು ಕೇಳಿದ ಮೇಲೆ ಸೂಜಿಯ ಆಸೆಯೇ ಹೋಯಿತು ಎಂದೆಲ್ಲ ಕಟ್ಟಿಬಿಟ್ಟ. ಆ ಗುರು ನಾನು. ಇದನ್ನು ಅವನು ಬಂದು ನನಗೆ ಹೇಳಿದ ದಿನ ಬೆಂಚೆಲ್ಲ ಬಿದ್ದು ಬಿದ್ದು ನಕ್ಕಿತು, ಡೋಸು ಕರಗಿದ ಮೇಲೆ. ಟ್ರಂಪೆಟ್ ಮುದುಕ ಎದ್ದು ಬಂದು ನನ್ನ ಡೊಳ್ಳು ಹೊಟ್ಟೆಗೆ ಅಡ್ಡಬಿದ್ದ.

ವಾರದೊಳಗೆ ಇನ್ನೊಂದು ಸುದ್ದಿ ಬಂತು. ಗಂಡ ಒಬ್ಬನೇ ವ್ರತ ಹಿಡಿದರೆ ಅರ್ಧ ಫಲ ಎಂದು ಅವಳೂ ಅದೇ ಹೊತ್ತಿಗೆ ಮೌನ ಹಿಡಿಯತೊಡಗಿದ್ದಳು. ಫೋನ್ ಮಾಡುವುದನ್ನು ಬಿಟ್ಟು, ಹೊಸ್ತಿಲ ಹತ್ತಿರ ಕಣ್ಣುಮುಚ್ಚಿ ಕೂರುತ್ತಿದ್ದಳಂತೆ. ನಮಗೆ ಅದೂ ನಗೆಯೇ ಆಯಿತು. ಇಲ್ಲಿ ಇವನು ನಾಲಿಗೆಯಡಿ ಪುಡಿ ಇಟ್ಟುಕೊಂಡು, ಅಲ್ಲಿ ಅವಳು ಬರಿಬಾಯಲ್ಲಿ, ಇಬ್ಬರೂ ಒಟ್ಟಿಗೆ ಗಪ್‌ಚುಪ್. ನಮ್ಮ ಸೆಂಟರಿಗೆ ಊರೂರಿನಲ್ಲಿ ಶಾಖೆಗಳಾಗುತ್ತಿವೆ ಎಂದು ನರ್ಸಮ್ಮನಿಗೆ ನಾನೇ ಹೇಳಿದೆ. ಅವರು ನಗಲಿಲ್ಲ.

ಆ ನಗು ಮುಗಿದದ್ದು ಮಳೆಗಾಲ ಕಳೆದ ಮೇಲೆ. ಚಹಾ ಕುಡಿಯುತ್ತ ನಿಂತಿದ್ದಾಗ ಅವನು ಫೋನಿನಲ್ಲಿ ಅವಳ ಫೋಟೋ ತೋರಿಸಿದ. ಮದುವೆಯದೊಂದು, ಈಚಿನದೊಂದು. ಮೊದಲನೆಯದರಲ್ಲಿ ಗುಂಡುಗುಂಡಾಗಿದ್ದ ಹೆಂಗಸು ಎರಡನೆಯದರಲ್ಲಿ ಕೆನ್ನೆ ಒಳಗೆ ಹೋಗಿ ನಿಂತಿದ್ದಳು. ಸಂಜೆಯಾದರೆ ಜ್ವರವಂತೆ, ಕೆಮ್ಮಂತೆ, ಊಟ ಸೇರುವುದಿಲ್ಲವಂತೆ, ಊರಿನ ಡಾಕ್ಟರು ಇಂಜೆಕ್ಷನ್ ಕೊಟ್ಟು ಕೊಟ್ಟು ಕಳಿಸುತ್ತಿದ್ದಾನಂತೆ. ಅವನು ಇದನ್ನೆಲ್ಲ ಹವಾಮಾನ ವರದಿ ಹೇಳುವವನ ಧಾಟಿಯಲ್ಲಿ ಹೇಳಿದ, ಆದರೆ ಅರ್ಧ ಕುಡಿದ ಚಹಾವನ್ನು ಮೋರಿಗೆ ಚೆಲ್ಲಿಬಿಟ್ಟ. ಅವನಿಗೂ ಗೊತ್ತಿತ್ತು. ನನಗೂ ಗೊತ್ತಾಯಿತು. ಇವನಿಂದ ಅವಳಿಗೆ ಬಂದಿದೆ, ಪರೀಕ್ಷೆಯಾಗಿಲ್ಲ, ಮಾತ್ರೆಯಿಲ್ಲ, ಹೀಗೇ ಬಿಟ್ಟರೆ ಅವಳು ಉಳಿಯುವುದಿಲ್ಲ.

ಹೇಳು ಎಂದೆ. ಇವತ್ತೇ ಹೇಳು, ಫೋನಿನಲ್ಲೇ ಹೇಳು. ದಸರಾ ಮುಗಿಯಲಿ ಎಂದ. ಮುಗಿಯಿತು. ದೀಪಾವಳಿ ಎಂದ. ಅದೂ ಆಯಿತು. ಊರಿಗೆ ಹೋಗಿ ಮುಖಾಮುಖಿ ಹೇಳುತ್ತೇನೆ ಎಂದು ಹೋದವನು ಅವಳಿಗೆ ಬಳೆ ಕೊಡಿಸಿ ಬಂದ. ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು, ಬೈಯುತ್ತಲೂ ಇದ್ದೆ. ಆದರೆ ನಾನಾಗಿ ಅವಳಿಗೆ ಹೇಳುವಂತಿಲ್ಲ, ನಮ್ಮ ಕೆಲಸದ ಮೊದಲ ನಿಯಮ ಅದು. ಒಬ್ಬನ ಕಾಯಿಲೆಯನ್ನು ಅವನ ಬಾಯಿಯೇ ಹೇಳಬೇಕು. ಇದಕ್ಕಂತಲೇ ನಮಗೆ ಟ್ರೈನಿಂಗ್ ಕೊಟ್ಟಿದ್ದರು, ಹೋಟೆಲಿನ ಹಾಲಿನಲ್ಲಿ, ಒಬ್ಬರು ಗಂಡನಾಗಿ ಇನ್ನೊಬ್ಬರು ಹೆಂಡತಿಯಾಗಿ ನಾಟಕವಾಡಿಸಿ. ನನ್ನ ಹೆಂಡತಿಯ ಪಾತ್ರಕ್ಕೆ ಚಪ್ಪಾಳೆ ಬಿದ್ದಿತ್ತು. ನಿಜವಾದ ಗಂಡನ ಮುಂದೆ ಆ ನಾಟಕವೆಲ್ಲ ಮೂರು ಕಾಸಿಗೂ ಬರಲಿಲ್ಲ.

ಯಾಕೆ ಹೇಳಲಾಗುವುದಿಲ್ಲ ಎಂದು ಒಂದು ದಿನ ಅವನ ಅಂಗಿ ಹಿಡಿದು ಕೇಳಿದೆ. ಸೂಜಿಯ ವಿಷಯ ಹೇಳಿದೆಯಲ್ಲ, ಆಗ ಅವಳೇನು ಬಿಟ್ಟುಹೋದಳೇ?

"ಸೂಜಿ ಅಂದ್ರ ತಪ್ಪು ಅಣ್ಣಾ," ಅಂದ. "ತಪ್ಪಂದ್ರ ಬೈತಾರ, ಬಡೀತಾರ, ಆಮ್ಯಾಲ ಉಣ್ಣಾಕ ಹಾಕ್ತಾರ. ಇದಕ್ಕ ಹೊಲಸು ಅಂತಾರ."

ನಮ್ಮಮ್ಮ ಶುಗರ್ ಎಂದದ್ದೂ ಅದಕ್ಕೇ ತಾನೆ. ಆದರೂ ಹೇಳಿದೆ, ಅವಳು ಸತ್ತಮೇಲೆ ಯಾರಿಗೆ ಹೇಳ್ತೀಯ ಗುರು, ಗೋಡೆಗಾ? ಅವನು ಅಂಗಿ ಬಿಡಿಸಿಕೊಂಡು ಕೆಲಸಕ್ಕೆ ಹೋದ.

ಕೊನೆಗೆ ಅತ್ತೆಯೇ ದಾರಿ ಮಾಡಿಕೊಟ್ಟಳು. ಕೆಲಸಕ್ಕೆ ಬಾರದ ಸೊಸೆ ನನಗೆ ಯಾಕೆ ಎಂದು ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತಿಸಿದಳು. ಪೇಂಟರ್ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಿಂದ ಇನ್ನೊಂದು ಬಸ್ಸು ಹಿಡಿದು ಹೋಗುವಷ್ಟು ದೂರದಲ್ಲಿ, ಅವನ ಕಡೆಯವರೇ ತುಂಬಿದ್ದ ವಠಾರದಲ್ಲಿ ರೂಮು ಮಾಡಿದ. ಬಂದ ದಿನವೇ ಹೇಳುತ್ತೇನೆ ಎಂದಿದ್ದ. ಪ್ರಯಾಣದ ಸುಸ್ತು ಎಂದು ಬಿಟ್ಟ. ಮರುದಿನ ಸೀಮೆಎಣ್ಣೆ ಸ್ಟೋವ್ ಕೆಟ್ಟಿತು ಎಂದು ಬಿಟ್ಟ. ಅವಳು ಮಾತ್ರ ಬಂದಾಗಿನಿಂದ ಒಂದೇ ಹಟ ಹಿಡಿದಿದ್ದಳು, ಮಠಕ್ಕೆ ನನ್ನನ್ನೂ ಕರೆದುಕೊಂಡು ಹೋಗು. ಹೆಂಗಸರಿಗೆ ಪ್ರವೇಶವಿಲ್ಲ ಎಂದು ಇನ್ನೊಂದು ಹೊಲಿಗೆ ಹಾಕಿದ.

ಅವಳು ನಂಬಲಿಲ್ಲ. ಆ ಬೆಳಿಗ್ಗೆ ಅವನು ಬಸ್ಸಿನ ಹಿಂದಿನ ಬಾಗಿಲಲ್ಲಿ ಹತ್ತಿದ, ಅವಳು ಸೆರಗು ಹೊದ್ದು ಮುಂದಿನ ಬಾಗಿಲಲ್ಲಿ ಹತ್ತಿದಳು. ಟಿನ್ ಫ್ಯಾಕ್ಟರಿಯಲ್ಲಿ ಅವನು ಇಳಿದು ಇನ್ನೊಂದು ಬಸ್ಸು ಹಿಡಿದಾಗಲೂ ಹಾಗೆಯೇ. ಹಿಂದೆ ಗಂಡಸರ ನೂಕುನುಗ್ಗಲಿನಲ್ಲಿ ಗಂಡ, ಮುಂದೆ ಹೆಂಗಸರ ಸೀಟಿನಲ್ಲಿ ಹೆಂಡತಿ, ಶಿವಾಜಿನಗರದವರೆಗೂ ಅವನಿಗೆ ಗೊತ್ತೇ ಆಗಲಿಲ್ಲ. ಅವನ ಬೆನ್ನ ಹಿಂದೆಯೇ ಗಲ್ಲಿ ಹೊಕ್ಕು, ಅವನು ಹತ್ತಿದ ಮೆಟ್ಟಿಲು ನೋಡಿಕೊಂಡು, ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿ ಬಾಳೆಹಣ್ಣು, ಊದುಬತ್ತಿ ಕೊಂಡು ಬಂದಿದ್ದಾಳೆ. ಆಮೇಲೆ ಅವಳೇ ಹೇಳಿದ್ದು ಇದು.

ನಾನು ಸ್ಟೂಲಿನ ಮೇಲೆ ಕುಳಿತು ಮಲಬದ್ಧತೆಯ ಅಧ್ಯಾಯದಲ್ಲಿದ್ದೆ. ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಹೆಂಗಸನ್ನು ನೋಡಿದೊಡನೆ ಫೋಟೋ ನೆನಪಾಯಿತು. ಅವಳು ನೋಡಿದ್ದೇನು? ಹತ್ತು ಹನ್ನೆರಡು ಗಂಡಸರು ಸಾಲಾಗಿ, ಬಾಯಿ ಬಿಗಿದುಕೊಂಡು, ಅರ್ಧ ಜನ ಕಣ್ಣುಮುಚ್ಚಿ ಕೂತಿದ್ದಾರೆ. ಎದುರಿಗೆ ಹೊಟ್ಟೆ ಬಿಟ್ಟುಕೊಂಡ ಒಬ್ಬ ಉಪದೇಶ ಮಾಡುತ್ತಿದ್ದಾನೆ. ಗಂಡ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳ ಮುಖ ಬೆಳಗಿತು. ಗೋಡೆಯ ಮೇಲಿದ್ದ ಏಡ್ಸ್ ಜಾಗೃತಿಯ ಕೆಂಪು ರಿಬ್ಬನ್ನಿನ ಪೋಸ್ಟರಿಗೆ ಕೈಮುಗಿದಳು. ನನ್ನ ಮುಂದೆ ಬಾಳೆಹಣ್ಣು ಇಟ್ಟು, ನಾನು ಕಾಲು ಎಳೆದುಕೊಳ್ಳುವಷ್ಟರಲ್ಲಿ ಪಾದ ಮುಟ್ಟಿ, ಬೆಂಚಿನ ಪಕ್ಕ ನೆಲದ ಮೇಲೆ ಕೂತು ಕಣ್ಣುಮುಚ್ಚಿ ಬಾಯಿ ಬಿಗಿದಳು.

ಇದು ಮಠವಲ್ಲ ತಾಯಿ ಎಂದು ಹೇಳಬಹುದಿತ್ತು. ಹೇಳಿದರೆ ಮತ್ತೇನು ಎಂದು ಕೇಳುತ್ತಾಳೆ, ಅದಕ್ಕೆ ಉತ್ತರ ಕೊಡುವ ಹಕ್ಕು ನನಗಿಲ್ಲ. ಪೇಂಟರ್ ಸುಣ್ಣ ಹೊಡೆದ ಗೋಡೆಯಾಗಿದ್ದ. ನನಗೆ ಬೇರೆ ದಾರಿ ತೋಚದೆ ಪ್ರವಚನ ಮುಂದುವರಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರು ಕುಡಿಯಬೇಕು, ತಿಣುಕಬಾರದು, ಹೊರಟಾಗ ತಡೆಯಬಾರದು ಎಂದೆ. ಅವಳು ಭಕ್ತಿಯಿಂದ ತಲೆಯಾಡಿಸಿದಳು. ಬೆಂಚು ಅಲುಗಾಡತೊಡಗಿತು. ನಕ್ಕರೆ ಡೋಸು ಹೋಗುತ್ತದೆ, ನಗದಿದ್ದರೆ ಜೀವ ಹೋಗುತ್ತದೆ. ಒಬ್ಬ ಪಕ್ಕದವನ ತೊಡೆ ಚಿವುಟಿಕೊಂಡು ಕೂತಿದ್ದ. ಟ್ರಂಪೆಟ್ ಮುದುಕ ಎರಡೂ ಕೈಯಲ್ಲಿ ಬಾಯಿ ಒತ್ತಿ ಹಿಡಿದಿದ್ದ, ಕಣ್ಣಿಂದ ಧಾರಾಕಾರ ನೀರು. ನರ್ಸಮ್ಮ ಟಾರ್ಚು ಹಿಡಿದು ಬಾಗಿಲಲ್ಲಿ ನಿಂತವರು ಗೋಡೆಯ ಕಡೆ ತಿರುಗಿಬಿಟ್ಟರು, ಅವರ ಭುಜ ಕುಣಿಯುತ್ತಿತ್ತು.

ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

"ಸ್ವಾಮ್ಯಾರ," ಅಂದಳು, "ನಾನೂ ಊರಾಗ ಈ ವ್ರತ ಹಿಡದೀನ್ರಿ. ಒಂದಿನಾ ತಪ್ಪಿಸಿಲ್ಲ. ಆದ್ರೂ ನನ್ನ ಜ್ವರ ಯಾಕ ಬಿಡವಲ್ದು?"

ಬೆಂಚಿನ ಅಲುಗಾಟ ನಿಂತುಹೋಯಿತು. ನಾನು ಪೇಂಟರನ್ನು ನೋಡಿದೆ. ಬೆಂಚಿನ ಮೇಲಿದ್ದವರೆಲ್ಲ ಅವನನ್ನೇ ನೋಡಿದರು. ಡೋಸು ಹಾಕಿ ಇನ್ನೂ ಎರಡು ಮೂರು ನಿಮಿಷವಾಗಿತ್ತು ಅಷ್ಟೇ. ಸುಮ್ಮನೆ ಕೂತು ಕರಗಿಸಿಕೊಂಡು ಆಮೇಲೆ ಏನಾದರೂ ಮಾಡಬಹುದಿತ್ತು, ಮತ್ತೊಂದು ಸುಳ್ಳನ್ನೂ ಹೊಲಿಯಬಹುದಿತ್ತು. ಅವನು ಬಾಯಿ ತೆರೆದ. ಬಿಳೀ ನೊರೆ ಗದ್ದದ ಮೇಲೆ ಇಳಿಯಿತು.

"ಇದು ಮಠ ಅಲ್ಲ," ಅಂದ. "ನನಗ ಎಚ್‌ಐವಿ ಐತಿ. ಸೂಜಿಯಿಂದ ಬಂದೈತಿ. ನಿನಗೂ ನನ್ನಿಂದ ಬಂದಿರಬೇಕು. ಅದಕ್ಕ ಜ್ವರ ಬಿಡವಲ್ದು."

ಕೆಳಗಿನ ಅಂಗಡಿಯಲ್ಲಿ ಯಾರೋ ಕಬ್ಬಿಣ ಬಡಿಯುತ್ತಿದ್ದರು. ಅವಳು ಆ ನೊರೆಯನ್ನೇ ನೋಡುತ್ತಿದ್ದಳು. ಕಿರುಚುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನರ್ಸಮ್ಮ ಹತ್ತಿರ ಬಂದು ನಿಂತರು. ಅವಳು ಅದೇನೂ ಮಾಡಲಿಲ್ಲ. ಎಚ್‌ಐವಿ ಎಂದರೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅವಳ ಊರಿನಲ್ಲೂ ಅದರಿಂದ ಸತ್ತವರಿದ್ದರು. ಆದರೆ ಅವಳ ಬಾಯಿಂದ ಬಂದ ಮೊದಲ ಮಾತು ಅದರ ಬಗ್ಗೆ ಆಗಿರಲಿಲ್ಲ.

"ದಿನಾ ಮುಂಜಾನಿ ನಾ ಬಾಯಿ ಮುಚ್ಚಿ ಕುಂತಾಗ ನಿಮ್ಮವ್ವ ಡೇರಿಯಿಂದ ಬಂದು ಎದುರಿಗೆ ನಿಂತು ಬಂಜಿ ಅಂದ್ಲು, ಕೆಲಸಗೇಡಿ ಅಂದ್ಲು," ಅಂದಳು. "ನಾ ಒಂದ ಮಾತು ತಿರುಗಿ ಆಡ್ಲಿಲ್ಲ. ನಿನ್ನ ವ್ರತ ಕೆಡ್ತೈತಂತ."

ಅವನು ತಲೆ ತಗ್ಗಿಸಿದ. ನಾವು ಅಷ್ಟು ದಿನ ನಕ್ಕ ನಗು ನೆನಪಾಗಿ ನನಗೆ ನೆಲ ಬಿರಿಯಬಾರದೇ ಅನಿಸಿತು. ಟ್ರಂಪೆಟ್ ಮುದುಕ ಕಣ್ಣು ಒರೆಸಿಕೊಂಡ, ಈ ಸಲದ ನೀರು ಬೇರೆಯದು.

ಸ್ವಾಮ್ಯಾರಲ್ಲದಿದ್ದರೆ ನೀವ್ಯಾರು ಎಂದು ಅವಳು ನನ್ನನ್ನು ಕೇಳಿದಳು. ನನಗೂ ಅದೇ ಕಾಯಿಲೆ ಇದೆ ಅಕ್ಕಾ, ಅದೇ ನನ್ನ ಡಿಗ್ರಿ, ಅದೇ ನನ್ನ ಕೆಲಸ ಎಂದೆ. ಬಂದು ಎಷ್ಟು ಕಾಲವಾಯಿತು ಎಂದಳು. ಅದು ಬಂದ ವರ್ಷ ನನಗೊಂದು ಮಗು ಹುಟ್ಟಿದ್ದರೆ ಈಗ ಕಾಲೇಜು ಮುಗಿಸಿರುತ್ತಿತ್ತು ಎಂದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಕಣ್ಣು ಮತ್ತೆ ಹೊಟ್ಟೆಯ ಹತ್ತಿರ ಬಂದು ನಿಂತಿತು. ನನ್ನ ಹೊಟ್ಟೆಯನ್ನು ಅಷ್ಟು ಆಸೆಯಿಂದ ಯಾರೂ ನೋಡಿರಲಿಲ್ಲ. ಹಂಗಾದರೆ ನಡೀರಿ, ನನ್ನ ರಕ್ತಾನೂ ನೋಡಸೋಣು ಎಂದು ಎದ್ದಳು. ಪೇಂಟರ್ ಎದ್ದು ನಿಂತ. ಅವನಿಗೆ ಕೂತಿರು ಎಂದು ಬೆರಳಿನಲ್ಲೇ ತೋರಿಸಿದಳು. ಅವನು ಕೂತ. ನಾಲಿಗೆಯಡಿ ಉಳಿದದ್ದನ್ನು ನೋಡಲು ನರ್ಸಮ್ಮ ಟಾರ್ಚು ಬಿಡಲೂ ಇಲ್ಲ, ಇನ್ನೊಂದು ಡೋಸು ಕೊಡಲೂ ಇಲ್ಲ, ನಿಯಮ ನಿಯಮವೇ. ಒಂದು ಲೋಟ ನೀರು ಮಾತ್ರ ತಂದು ಅವನ ಕೈಗಿಟ್ಟರು.

ಹತ್ತಿರದ ಸರ್ಕಾರಿ ಆಸ್ಪತ್ರೆಗೆ ನಡೆದೇ ಹೋದೆವು, ಅವಳು ಅಲ್ಲಲ್ಲಿ ನಿಂತು ಕೆಮ್ಮುತ್ತ. ರಕ್ತ ಕೊಟ್ಟಳು, ಕಫ ಕೊಟ್ಟಳು. ಕಾದೆವು. ಅಷ್ಟು ಹೊತ್ತು ನಾನು ಸುಮ್ಮನೆ ಕೂತಿದ್ದನ್ನು ನಮ್ಮಮ್ಮ ನೋಡಬೇಕಿತ್ತು. ಕೌನ್ಸೆಲರ್ ಕರೆದಾಗ ಅವಳು ನನ್ನನ್ನೂ ಒಳಗೆ ಬನ್ನಿ ಎಂದಳು. ಅವಳಿಗೂ ಎಚ್‌ಐವಿ ಇತ್ತು. ಕೆಮ್ಮು ಬಹು ಮಟ್ಟಿಗೆ ಟಿಬಿ ಎಂದರು. ಎರಡಕ್ಕೂ ಔಷಧಿ ಇದೆ, ಪುಕ್ಕಟೆ ಸಿಗುತ್ತದೆ, ಬಿಡದೆ ತೆಗೆದುಕೊಳ್ಳಬೇಕು. ಸಾಯ್ತೀನೇನ್ರಿ ಎಂದು ಕೇಳಿದಳು. ಕೌನ್ಸೆಲರ್ ಕಲಿತದ್ದನ್ನೆಲ್ಲ ಕ್ರಮವಾಗಿ ಹೇಳಲು ಬಾಯಿ ತೆರೆದರು. ನಾನು ಮಧ್ಯೆ ಬಾಯಿ ಹಾಕಿ ಸಾಯಲ್ಲ ಅಕ್ಕಾ, ನಾನು ಸತ್ತಿದೀನಾ ಎಂದೆ. ಆಗ ಅವಳು ಅತ್ತಳು. ಜೋರಾಗಿ, ಸೆರಗಿನಲ್ಲಿ ಮುಖ ಹುದುಗಿಸಿ, ಬಹಳ ಹೊತ್ತು. ನನಗೂ ಅಳು ಬಂತು, ನಾನೂ ಅತ್ತೆ.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಒಂದು ಪ್ರಶ್ನೆ ಕೇಳಿದಳು. ಇದನ್ನು ನನ್ನ ಗಂಡನಿಗೆ ಯಾರು ಹೇಳ್ತಾರೆ? ನೀವು ಹೇಳಿದರೆ ಉಂಟು, ನಾವ್ಯಾರೂ ಹೇಳುವಂತಿಲ್ಲ ಎಂದರು ಕೌನ್ಸೆಲರ್. ಇವರೂ ಹೇಳಂಗಿಲ್ಲೇನು ಎಂದು ನನ್ನ ಕಡೆ ತೋರಿಸಿದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ಆಗಲಿ ಎಂದಳು.

ಅವನು ಗೇಟಿನ ಹತ್ತಿರ ಬಂದು ನಿಂತಿದ್ದ. ಏನಂದರು ಎಂದು ಅವಳನ್ನು ಕೇಳಿದ. ಅವಳು ಅವನನ್ನು ದಾಟಿ ನಡೆದಳು. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ನಾವಿಬ್ಬರೂ ಹಿಂದೆ ಕಂಬಿ ಹಿಡಿದು ನಿಂತೆವು, ನನ್ನ ಮನೆಗೂ ಅದೇ ದಾರಿ. ಹಲಸೂರಿನ ಹತ್ತಿರ ಅವನು ನನ್ನ ಕೈ ಹಿಡಿದು ಅಣ್ಣಾ ಹೇಳು ಎಂದ. ಇಂದಿರಾನಗರದ ಹತ್ತಿರ ಅವನ ಮೂಗು ಸೋರಲು ಶುರುವಾಗಿತ್ತು, ಮೈಯೆಲ್ಲ ಬೆವರು, ಅದು ಚೆಲ್ಲಿದ ಡೋಸಿನದೋ ಭಯದ್ದೋ ಗೊತ್ತಾಗುತ್ತಿರಲಿಲ್ಲ. ಇಲ್ಲ ಅಂದ್ರ ಇಲ್ಲ ಅನ್ನು, ಐತಿ ಅಂದ್ರ ಐತಿ ಅನ್ನು, ಬರೀ ತಲೀ ಅಲ್ಲಾಡ್ಸು ಸಾಕು ಎಂದು ಗೋಗರೆದ. ನಾನು ಕಿಟಕಿಯಾಚೆ ನೋಡಿದೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ನಾನು ಎಂದೂ ಬಾಯಿ ಮುಚ್ಚಿಕೊಂಡಿರಲಿಲ್ಲ. ಮುಂದೆ ಅವಳ ತಲೆ ಒಂದು ಸಲವೂ ಹಿಂದೆ ತಿರುಗಲಿಲ್ಲ.

ಟಿನ್ ಫ್ಯಾಕ್ಟರಿಯಲ್ಲಿ ಇಳಿದೆವು. ಬಸ್ಸುಗಳ ಹಾರ್ನು, ಕಂಡಕ್ಟರುಗಳ ಕೂಗು, ಸೊಪ್ಪು ಮಾರುವವರು, ಕಾಲಿಡಲು ಜಾಗವಿಲ್ಲ. ಅವನು ಆ ಜಂಗುಳಿಯ ನಡುವೆ ಅವಳ ಮುಂದೆ ಹೋಗಿ ನಿಂತ. ಗಂಡಸು ನಡುರಸ್ತೆಯಲ್ಲಿ ಬಿಕ್ಕಿಬಿಕ್ಕಿ ಅಳುವುದನ್ನು ಸೊಪ್ಪಿನವಳು ಕಟ್ಟು ಕೈಯಲ್ಲಿ ಹಿಡಿದೇ ನೋಡುತ್ತಿದ್ದಳು. ಅವನ ಹೆಂಡತಿಯೂ ನೋಡಿದಳು, ಅವನ ಅಳು ಸಣ್ಣಗಾಗುವವರೆಗೂ.

"ಐತಿ," ಅಂದಳು ಆಮೇಲೆ. "ನನಗೂ ಐತಿ. ಗುಳಿಗಿ ನುಂಗ್ತೀನಿ, ಬದುಕ್ತೀನಿ. ಇನ್ನ ನೀ ಮಾತಾಡು."

ಅವನು ಬಾಯಿ ತೆರೆದ. ಮಠ ಕಟ್ಟಿದ, ಗುರುವನ್ನು ಕಟ್ಟಿದ, ಹೆಂಗಸರಿಗೆ ಪ್ರವೇಶವಿಲ್ಲ ಎಂದ ಆ ಬಾಯಿಂದ ಒಂದು ಮಾತೂ ಬರಲಿಲ್ಲ. ಅವರ ಬಸ್ಸು ಬಂತು. ಅವಳು ಅವನನ್ನು ಹಿಂದಿನ ಬಾಗಿಲಿಗೆ ಬಿಡದೆ, ರಟ್ಟೆ ಹಿಡಿದು ಮುಂದಿನ ಬಾಗಿಲಲ್ಲೇ ಹತ್ತಿಸಿದಳು. ಕಂಡಕ್ಟರ್ ಏನೋ ಅಂದ. ಹುಷಾರಿಲ್ಲ ಅವರಿಗೆ, ಕುಂಡ್ರಲಿ ಎಂದು ಅವಳು ಹೇಳಿ ಹೆಂಗಸರ ಸೀಟಿನಲ್ಲಿ ಅವನನ್ನು ಕೂರಿಸಿ, ತಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತಳು.